ರೆಮಿಂಗ್ಟನ್ 700 ರೈಫಲಿನ ನಿಖರತೆ: ಯಾವ ಬಿಡಿಭಾಗಕ್ಕೆ ಮೊದಲು ಹಣ ಹಾಕಬೇಕು?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು, ಈಗ ಟೆಕ್ಸಾಸಿನಲ್ಲಿದ್ದೇನೆ. ನನ್ನಲ್ಲಿ 2010ರಲ್ಲಿ ತಯಾರಾದ ರೆಮಿಂಗ್ಟನ್ 700 ಎಸ್‌ಪಿಎಸ್ ವಾರ್ಮಿಂಟ್ ರೈಫಲ್ ಇದೆ; .308 ವಿಂಚೆಸ್ಟರ್ ತೋಟೆಯದು, 26 ಇಂಚಿನ ದಪ್ಪ ನಳಿಗೆ. 147 ಗ್ರೇನ್‌ನ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಅಗ್ಗದ ತೋಟೆಗಳಿಂದ 100 ಗಜದಲ್ಲಿ ಐದು ಈಡಿನ ಗ್ರೂಪ್ (ಕಾಗದದ ಮೇಲೆ ತೂತುಗಳ ಗುಂಪಿನ ಅಗಲ) ಸರಾಸರಿ ಎರಡು ಇಂಚು ಬರುತ್ತದೆ. ಒಮ್ಮೊಮ್ಮೆ ಮೂರು ಈಡಿಗೆ ಮುಕ್ಕಾಲು ಇಂಚೂ ಬಂದದ್ದುಂಟು. ಹೊಸ ಟ್ರಿಗರ್, ಅಲ್ಯೂಮಿನಿಯಂ ಚಾಸಿ (ಸ್ಟಾಕಿನ ಬದಲು ಬರುವ ಲೋಹದ ಚೌಕಟ್ಟು), ಗೀರು ಕೊರೆದ ಬೋಲ್ಟ್ (ತೋಟೆಯ ಹಿಂದೆ ಮುಚ್ಚಿಕೊಳ್ಳುವ ಉಕ್ಕಿನ ದಂಡ), ಮಝಲ್ ಬ್ರೇಕ್ (ಒದೆತ ತಗ್ಗಿಸಲು ನಳಿಗೆಯ ಬಾಯಿಗೆ ಹಾಕುವ ತುಂಡು), ಮ್ಯಾಚ್ ದರ್ಜೆಯ, ಅಂದರೆ ಸ್ಪರ್ಧೆಯ ಗುಣಮಟ್ಟದ ನಳಿಗೆ ಎಲ್ಲವೂ ನನ್ನ ಪಟ್ಟಿಯಲ್ಲಿವೆ. ಕೈಯಲ್ಲಿರುವುದು 1,500 ಡಾಲರ್. ಯಾವುದನ್ನು ಮೊದಲು ಮಾಡಿಸಲಿ? ಊರಿನಲ್ಲಿರುವ ತಮ್ಮನ .22 ರೈಫಲಿಗೂ ಒಂದು ಟ್ರಿಗರ್ ಕೊಂಡೊಯ್ಯಬಹುದೇ?

ಉತ್ತರ: ನಿಖರತೆಯ ವಿಚಾರಕ್ಕೆ ಹೋಗುವ ಮುನ್ನ ನಿಮ್ಮ ರೈಫಲಿನ ತಯಾರಿಕೆಯ ವರ್ಷದ ಬಗ್ಗೆ ಒಂದು ಮಾತು ಹೇಳಲೇಬೇಕು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ, ಎಕ್ಸ್‌-ಮಾರ್ಕ್ ಪ್ರೊ ಟ್ರಿಗರ್ ಇರುವ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ರೆಮಿಂಗ್ಟನ್ ಕಂಪನಿ 2014ರಲ್ಲಿ ಹಿಂದಕ್ಕೆ ಕರೆಸಿಕೊಂಡಿತ್ತು. ಜೋಡಣೆಯ ವೇಳೆ ಟ್ರಿಗರಿನೊಳಗೆ ಅಂಟು ಹೆಚ್ಚಾಗಿ ಸೇರಿರುವ ಸಾಧ್ಯತೆಯಿದ್ದು, ಕೆಲವು ಸಂದರ್ಭಗಳಲ್ಲಿ ಟ್ರಿಗರ್ ಎಳೆಯದೆಯೇ ಈಡು ಹಾರಬಹುದೆಂಬುದು ಅದಕ್ಕೆ ಕೊಟ್ಟ ಕಾರಣ. ಬೆರಳು ತಾಗುವ ಟ್ರಿಗರಿನ ಮುಖ ನುಣುಪಾಗಿದ್ದರೆ ಅದು ಎಕ್ಸ್‌-ಮಾರ್ಕ್ ಪ್ರೊ. ಉದ್ದುದ್ದ ಗೆರೆಗಳಿದ್ದರೆ ಅದಕ್ಕಿಂತ ಹಳೆಯ ಮಾದರಿ. ನಿಮ್ಮದು ನುಣುಪಾಗಿದ್ದು, ದುರಸ್ತಿಯಾಗಿದೆಯೆಂಬುದಕ್ಕೆ ದಾಖಲೆ ಇಲ್ಲದಿದ್ದರೆ, ಟ್ರಿಗರ್ ಬದಲಾಗುವವರೆಗೆ ಆ ರೈಫಲಿಗೆ ತೋಟೆ ತುಂಬಬೇಡಿ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಟ್ರಿಗರ್ ಮೊದಲ ಸ್ಥಾನಕ್ಕೆ ಬರುತ್ತದೆ. ಅದು ಗ್ರೂಪ್ ಚಿಕ್ಕದಾಗಲೆಂದಲ್ಲ, ಸುರಕ್ಷತೆಗಾಗಿ. ಮೂರನೆಯವರು ತಯಾರಿಸುವ ಟ್ರಿಗರ್‌ಗಳಲ್ಲಿ ಟಿಮ್ನಿ ಮತ್ತು ಟ್ರಿಗರ್‌ಟೆಕ್ ಎರಡೂ ಈ ರೈಫಲಿಗೆ ಸಲೀಸಾಗಿ ಕೂರುತ್ತವೆ, ಬೆಲೆ ನೂರೈವತ್ತರಿಂದ ಇನ್ನೂರು ಡಾಲರಿನ ಆಸುಪಾಸು. ಎಳೆತದ ತೂಕವನ್ನು ಎರಡೂವರೆ ಪೌಂಡಿಗೆ ಇಟ್ಟುಕೊಂಡರೆ ಬೆಂಚಿನ ಮೇಲೂ ಸಾಕು, ಬೇಟೆಯಲ್ಲಿ ಕೈಗವಸು ತೊಟ್ಟಿದ್ದರೂ ಅಪಾಯವಿಲ್ಲ. ಒಂದು ಪೌಂಡಿಗೆ ಇಳಿಸಬೇಕೆಂಬ ಆಸೆಯನ್ನು ಬಿಟ್ಟುಬಿಡಿ.

ಹೊಸ ಟ್ರಿಗರ್ ಕೂರಿಸಿದ ಮೇಲೆ ಖಾಲಿ ರೈಫಲಿನಲ್ಲಿ ಮಾಡಬೇಕಾದ ಪರೀಕ್ಷೆಗಳಿವೆ, ಅವನ್ನು ತಪ್ಪಿಸಬಾರದು. ಚೇಂಬರ್ (ತೋಟೆ ಕೂರುವ ಗೂಡು) ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಬೋಲ್ಟನ್ನು ಜೋರಾಗಿ ಹಲವು ಸಲ ತಳ್ಳಿ ಮುಚ್ಚಿ. ತೋಟೆಗೆ ಬಡಿಯುವ ಫೈರಿಂಗ್ ಪಿನ್ ಜಾರಬಾರದು. ಸೇಫ್ಟಿ ಹಾಕಿ ಟ್ರಿಗರನ್ನು ಬಲವಾಗಿ ಎಳೆದು ಬಿಡಿ, ಆಮೇಲೆ ಟ್ರಿಗರನ್ನು ಮುಟ್ಟದೆ ಸೇಫ್ಟಿಯನ್ನು ಮಾತ್ರ ತೆಗೆಯಿರಿ. ಆಗಲೂ ಪಿನ್ ಬೀಳಬಾರದು. ಕೊನೆಗೆ ಸ್ಟಾಕಿನ (ರೈಫಲನ್ನು ಹಿಡಿದು ಭುಜಕ್ಕೆ ಒರಗಿಸುವ ದಿಂಡಿನ) ಹಿಂಬದಿಯನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿ ನೋಡಿ. ಇವುಗಳಲ್ಲಿ ಒಂದರಲ್ಲಾದರೂ ಪಿನ್ ಬಿದ್ದರೆ ರೈಫಲನ್ನು ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಬಳಿಗೆ ಒಯ್ಯಿರಿ, ಸ್ಕ್ರೂ ತಿರುಗಿಸಿ ನೀವೇ ಸರಿಮಾಡಲು ಹೋಗಬೇಡಿ.

ಇನ್ನು ನಿಖರತೆಯ ಮಾತು. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಉಪಯುಕ್ತವಾಗಿ ಕಂಡದ್ದು ಬಿಡಿಭಾಗಗಳ ಪಟ್ಟಿಯಲ್ಲ, "ಒಮ್ಮೊಮ್ಮೆ ಮುಕ್ಕಾಲು ಇಂಚು" ಎಂಬ ಮಾತು. ಬಹಳ ಮಂದಿ ಆ ಮುಕ್ಕಾಲು ಇಂಚನ್ನೇ ರೈಫಲಿನ ನಿಜವಾದ ಶಕ್ತಿಯೆಂದೂ ಉಳಿದದ್ದೆಲ್ಲ ತಮ್ಮ ಕೈ ನಡುಕವೆಂದೂ ತಿಳಿಯುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಒಂದೇ ರೈಫಲ್, ಒಂದೇ ತೋಟೆ, ಒಬ್ಬನೇ ಈಡುಗಾರ ಆದರೂ ಈಡುಗಳ ಸಂಖ್ಯೆ ಹೆಚ್ಚಿದಂತೆ ಗ್ರೂಪಿನ ಅಗಲ ಹೆಚ್ಚುತ್ತದೆ: ಮೂರು ಈಡಿಗೆ ಸರಾಸರಿ ಒಂದು ಇಂಚು ಬರುವ ರೈಫಲ್ ಐದು ಈಡಿಗೆ ಸುಮಾರು 1.27 ಇಂಚು, ಹತ್ತು ಈಡಿಗೆ ಸುಮಾರು 1.6 ಇಂಚು ಕೊಡುತ್ತದೆ. ಇದರ ಜೊತೆಗೆ ಮೂರು ಈಡಿನ ಗ್ರೂಪ್ ಒಂದರಿಂದೊಂದಕ್ಕೆ ವಿಪರೀತ ಏರಿಳಿಯುತ್ತದೆ. ಸರಾಸರಿ ಒಂದೂವರೆ ಇಂಚಿನ ರೈಫಲಿನಲ್ಲಿ ಆಗಾಗ ಮುಕ್ಕಾಲು ಇಂಚು ಕಾಣಿಸಿಕೊಳ್ಳುವುದು ಸಹಜ, ಎರಡೂಕಾಲು ಇಂಚು ಬರುವುದೂ ಅಷ್ಟೇ ಸಹಜ. ಮೊದಲನೆಯದನ್ನು ನಾವು ಫೋಟೋ ತೆಗೆದು ಜೋಪಾನ ಮಾಡುತ್ತೇವೆ, ಎರಡನೆಯದನ್ನು ಹರಿದು ಬಿಸಾಡುತ್ತೇವೆ. ಹೊಸ ಬಿಡಿಭಾಗ ಹಾಕಿದ ದಿನ ಒಂದು ಒಳ್ಳೆಯ ಮೂರೀಡು ಬಂದರೆ ಅದರ ಕೀರ್ತಿಯೆಲ್ಲ ಬಿಡಿಭಾಗಕ್ಕೆ ಸಲ್ಲುತ್ತದೆ. ಮಾರುಕಟ್ಟೆ ನಿಂತಿರುವುದೇ ಇದರ ಮೇಲೆ. ಆದುದರಿಂದ ಟ್ರಿಗರಿನ ಕೆಲಸ ಮುಗಿದ ಮೇಲೆ, ಬೇರೆ ಏನನ್ನಾದರೂ ಬದಲಿಸುವ ಮೊದಲು, ಹತ್ತು ಈಡಿನ ಎರಡು ಗ್ರೂಪ್‌ಗಳನ್ನು, ಈಡು ಈಡಿನ ನಡುವೆ ನಳಿಗೆ ಆರಲು ಬಿಟ್ಟು, ಒಂದೇ ಪೆಟ್ಟಿಗೆಯ ತೋಟೆಯಿಂದ ಹೊಡೆದು, ಅಳೆದು, ದಿನಾಂಕ ಹಾಕಿ ಇಟ್ಟುಕೊಳ್ಳಿ. ಮುಂದಿನ ಪ್ರತಿ ಬದಲಾವಣೆಯನ್ನೂ ಆ ಅಳತೆಯ ಮೇಲೆಯೇ ತೂಗಬೇಕು.

ಎರಡನೆಯ ಲೆಕ್ಕ ಇನ್ನೂ ಮುಖ್ಯವಾದದ್ದು, ನಿಮ್ಮ ಹಣ ಉಳಿಸುವುದೂ ಅದೇ. ಗ್ರೂಪನ್ನು ಹರಡಿಸುವ ಕಾರಣಗಳು ಹಲವು, ಅವು ಒಂದಕ್ಕೊಂದು ಸಂಬಂಧವಿಲ್ಲದವು. ಹೀಗೆ ಸ್ವತಂತ್ರವಾದ ದೋಷಗಳು ನೇರವಾಗಿ ಕೂಡಿಕೊಳ್ಳುವುದಿಲ್ಲ. ಅವುಗಳ ವರ್ಗಗಳು ಕೂಡಿ, ಆ ಮೊತ್ತದ ವರ್ಗಮೂಲವೇ ಒಟ್ಟು ಹರಡುವಿಕೆಯಾಗುತ್ತದೆ. ಉದಾಹರಣೆಗೆ ತೋಟೆಯಿಂದ 1.5 ಇಂಚು, ಸಡಿಲ ಸ್ಟಾಕಿನಿಂದ 1 ಇಂಚು, ಟ್ರಿಗರ್ ಹಾಗೂ ಕೈಯಿಂದ 0.8 ಇಂಚು ಹರಡುತ್ತದೆಂದು ಇಟ್ಟುಕೊಳ್ಳಿ. ಒಟ್ಟು 3.3 ಆಗುವುದಿಲ್ಲ, 1.97 ಇಂಚು ಆಗುತ್ತದೆ. ಈಗ ಅತ್ಯುತ್ತಮ ಟ್ರಿಗರ್ ಹಾಕಿ 0.8 ಅನ್ನು ಅರ್ಧಕ್ಕೆ ಇಳಿಸಿದರೂ ಒಟ್ಟು 1.85ಕ್ಕೆ ಬಂದು ನಿಲ್ಲುತ್ತದೆ, ಕಾಗದದ ಮೇಲೆ ಆ ವ್ಯತ್ಯಾಸ ಕಾಣುವುದೂ ಕಷ್ಟ. ಟ್ರಿಗರ್ ಮುಟ್ಟದೆ ತೋಟೆಯ ಪಾಲನ್ನು 1.5ರಿಂದ 0.7ಕ್ಕೆ ಇಳಿಸಿದರೆ ಒಟ್ಟು 1.46ಕ್ಕೆ ಕುಸಿಯುತ್ತದೆ. ದೊಡ್ಡ ದೋಷ ಇರುವಷ್ಟು ಕಾಲ ಚಿಕ್ಕ ದೋಷಗಳನ್ನು ತಿದ್ದುವುದು ವ್ಯರ್ಥ. ದೊಡ್ಡದು ಹೋದ ಮೇಲೆ ಅದೇ ಚಿಕ್ಕ ದೋಷ ಎದ್ದು ಕಾಣತೊಡಗುತ್ತದೆ. "ನನಗೆ ಬೆಡ್ಡಿಂಗ್‌ನಿಂದ ಏನೂ ಆಗಲಿಲ್ಲ" ಎಂದು ಒಬ್ಬರು, "ಬೆಡ್ಡಿಂಗ್‌ನಿಂದಲೇ ಎಲ್ಲವೂ ಆಯಿತು" ಎಂದು ಇನ್ನೊಬ್ಬರು ಹೇಳುವುದನ್ನು ನೀವು ಕೇಳಿರಬಹುದು (ಬೆಡ್ಡಿಂಗ್ ಎಂದರೆ ರೈಫಲಿನ ಲೋಹದ ಭಾಗ ಸ್ಟಾಕಿನಲ್ಲಿ ಅಲುಗದೆ ಕೂರುವಂತೆ ಮಾಡುವುದು). ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ, ಅವರ ರೈಫಲ್‌ಗಳಲ್ಲಿದ್ದ ದೊಡ್ಡ ದೋಷ ಬೇರೆ ಬೇರೆ.

ನಿಮ್ಮ ವಿವರಣೆಯಂತೆ ನಿಮ್ಮ ದೊಡ್ಡ ದೋಷ ತೋಟೆಯೇ ಇರಬೇಕು. 147 ಗ್ರೇನ್‌ನ, ಪೂರ್ಣ ತಾಮ್ರ ಹೊದಿಕೆಯ ಅಗ್ಗದ ತೋಟೆಗಳನ್ನು ಮಾಡುವುದು ಸಾಮಾನ್ಯ ಅಭ್ಯಾಸಕ್ಕಾಗಿ. ಹೊದಿಕೆಯ ದಪ್ಪ ಸುತ್ತಲೂ ಸಮನಾಗಿರದಿದ್ದರೆ ಗುಂಡಿನ ತೂಕದ ಕೇಂದ್ರ ಅದರ ಅಕ್ಷದ ಮೇಲೆ ಇರುವುದಿಲ್ಲ, ನಳಿಗೆಯಿಂದ ಹೊರಬಿದ್ದೊಡನೆ ಅದು ಒಂದು ಬದಿಗೆ ಸರಿಯುತ್ತದೆ. ಅಂಥ ಗುಂಡನ್ನು ಎಷ್ಟೇ ದುಬಾರಿ ನಳಿಗೆಯಿಂದ ಹೊಡೆದರೂ ಅದು ನೇರವಾಗದು. ಆದ್ದರಿಂದ 168 ಗ್ರೇನ್‌ನ ಮ್ಯಾಚ್ ತೋಟೆಯನ್ನು, ಅಂದರೆ ಸಿಯೆರಾ ಮ್ಯಾಚ್‌ಕಿಂಗ್ ಗುಂಡಿರುವ ಫೆಡರಲ್ ಗೋಲ್ಡ್ ಮೆಡಲ್‌ನಂಥದ್ದನ್ನು, ಮತ್ತು ಬೇರೆ ಇಬ್ಬರು ತಯಾರಕರ 168 ಅಥವಾ 175 ಗ್ರೇನ್‌ನ ತೋಟೆಗಳನ್ನು ತಂದು, ಪ್ರತಿಯೊಂದರಿಂದ ಹತ್ತು ಈಡಿನ ಎರಡು ಗ್ರೂಪ್ ಹೊಡೆಯಿರಿ. ನಿಮ್ಮ ಮಾದರಿಯ .308 ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರು 12 ಇಂಚಿಗೆ ಒಂದು ಸುತ್ತು ತಿರುಗುತ್ತದೆ. 168 ಗ್ರೇನ್‌ಗೆ ಅದು ಹೇಳಿ ಮಾಡಿಸಿದ್ದು, 175ಕ್ಕೂ ಸಾಮಾನ್ಯವಾಗಿ ಸಾಕಾಗುತ್ತದೆ; ಇನ್ನೂ ಭಾರದ ಉದ್ದ ಗುಂಡುಗಳಿಗೆ 10 ಇಂಚಿನ ಸುರುಳಿ ಒಳ್ಳೆಯದು. ಮ್ಯಾಚ್ ತೋಟೆ ಒಂದಕ್ಕೆ ಎರಡು ಡಾಲರಿನ ಆಸುಪಾಸು ಬೀಳುತ್ತದೆಂಬುದು ನಿಜ. ಆದರೆ ಅರವತ್ತು ತೋಟೆಗಳ ಈ ಪರೀಕ್ಷೆ ಒಂದು ಟ್ರಿಗರಿಗಿಂತ ಅಗ್ಗ, ನಿಮ್ಮ ಪಟ್ಟಿಯಲ್ಲಿ ಇದೊಂದೇ ಬಿಟ್ಟುಹೋಗಿರುವುದು.

ತೋಟೆಯ ಪರೀಕ್ಷೆಗೆ ಕೂರುವ ಮೊದಲು ಒಂದು ಇಂಚು-ಪೌಂಡ್ ಟಾರ್ಕ್ ರೆಂಚ್ (ಸ್ಕ್ರೂ ಬಿಗಿಯುವ ಬಲವನ್ನು ಅಳೆಯುವ ಉಪಕರಣ) ಕೊಂಡುಕೊಳ್ಳಿ. ಸ್ಕೋಪಿನ ತಳಪಟ್ಟಿ ಸಡಿಲವಾಗಿದ್ದುಕೊಂಡು ಹೊಸ ನಳಿಗೆಯ ಯೋಚನೆ ಮಾಡುವವರು ಕಡಿಮೆಯೇನಿಲ್ಲ. ಸ್ಕೋಪು, ಉಂಗುರ ಎಲ್ಲವನ್ನೂ ಬಿಚ್ಚಿ, ಸ್ಕ್ರೂ ರಂಧ್ರಗಳ ಎಣ್ಣೆ ಒರೆಸಿ, ತಳಪಟ್ಟಿಯ ಸ್ಕ್ರೂಗಳನ್ನು 20 ಇಂಚು-ಪೌಂಡಿಗೂ ಉಂಗುರದ ಮೇಲಿನ ಸ್ಕ್ರೂಗಳನ್ನು 15ರಿಂದ 18ಕ್ಕೂ ಬಿಗಿಯಿರಿ; ಉಂಗುರದ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ತಳಪಟ್ಟಿ ಬಿಗಿದ ಮೇಲೆ ಬೋಲ್ಟ್ ಹಿಡಿದುಕೊಂಡಂತೆ ತಿರುಗಿದರೆ ಮುಂದಿನ ಸ್ಕ್ರೂ ಉದ್ದವಾಗಿ ಒಳಕ್ಕೆ ಚಾಚಿಕೊಂಡಿದೆಯೆಂದು ಅರ್ಥ, ಅದನ್ನು ತೆಗೆದು ಮೊಟಕು ಸ್ಕ್ರೂ ಹಾಕಬೇಕು. ಪ್ಯಾರಲಾಕ್ಸ್ (ಕಣ್ಣು ಸರಿದಂತೆ ಅಡ್ಡಗೆರೆ ಗುರಿಯಿಂದ ಸರಿದಂತೆ ಕಾಣುವುದು) ಸರಿಪಡಿಸುವ ತಿರುಗಣೆ ಇರುವ ಸ್ಕೋಪಾದರೆ, ರೈಫಲ್ ಮರಳಚೀಲದ ಮೇಲೆ ಅಲುಗದೆ ಕುಳಿತಿರುವಾಗ ತಲೆಯನ್ನು ಮೇಲೆ ಕೆಳಗೆ ಮಾಡಿ, ಅಡ್ಡಗೆರೆ ಗುರಿಯ ಮೇಲೆ ಈಜಾಡದಂತೆ ಹೊಂದಿಸಿಕೊಳ್ಳಿ. ತಿರುಗಣೆಯಿಲ್ಲದ ಬೇಟೆ ಸ್ಕೋಪ್‌ಗಳು ಹೆಚ್ಚಾಗಿ 100 ಗಜಕ್ಕೇ ಹೊಂದಿಸಿ ಬರುತ್ತವೆ.

ಇವೆರಡರ ನಂತರ ಸ್ಟಾಕ್. ನಿಮ್ಮ ರೈಫಲಿನ ದುರ್ಬಲ ಭಾಗವೆಂದರೆ ಇದೇ. ಎಸ್‌ಪಿಎಸ್ ಸಾಲಿನ ರೈಫಲ್‌ಗಳಲ್ಲಿ ರಿಸೀವರ್ (ಬೋಲ್ಟನ್ನೂ ಟ್ರಿಗರನ್ನೂ ಹೊತ್ತಿರುವ ಉಕ್ಕಿನ ಒಡಲು), ಬೋಲ್ಟ್, ನಳಿಗೆ ಎಲ್ಲವೂ 1962ರಿಂದ ಬಂದಿರುವ ಅದೇ ಗಟ್ಟಿ ವಿನ್ಯಾಸದವು. ಬೆಲೆ ಇಳಿಸಿರುವುದು ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಸ್ಟಾಕಿನಲ್ಲಿ. ಒಂದು ನೋಟನ್ನು ನಳಿಗೆಯ ಕೆಳಗೆ ತೂರಿಸಿ ರಿಸೀವರ್‌ವರೆಗೆ ಎಳೆದು ನೋಡಿ. ಸಲೀಸಾಗಿ ಸರಿದರೆ ಇನ್ನೊಂದು ಸಲ ನೋಡಿ, ಈ ಬಾರಿ ರೈಫಲನ್ನು ಬೈಪಾಡ್ (ಎರಡು ಕಾಲಿನ ಆಸರೆ) ಮೇಲೆ ನಿಲ್ಲಿಸಿ, ಗುರಿ ಹಿಡಿಯುವಾಗ ಒರಗುವಷ್ಟೇ ಭಾರ ಹಾಕಿ. ಸ್ಟಾಕಿನ ಮುಂಭಾಗ ಬಾಗಿ ನಳಿಗೆಗೆ ತಾಗಿ ನೋಟು ಸಿಕ್ಕಿಕೊಂಡರೆ, ನೀವು ಒರಗುವ ಭಾರಕ್ಕೆ ತಕ್ಕಂತೆ ಪ್ರತಿ ಈಡಿನಲ್ಲೂ ನಳಿಗೆಯ ಕಂಪನ ಬೇರೆಯಾಗುತ್ತಿದೆ ಎಂದು ತಿಳಿಯಿರಿ.

ಇನ್ನೊಂದು ಪರೀಕ್ಷೆ ರಿಸೀವರ್ ಕೂತಿರುವ ರೀತಿಯನ್ನು ತೋರಿಸುತ್ತದೆ. ತೋಟೆಯಿಲ್ಲದ ರೈಫಲನ್ನು ಬಾಯಿ ಮೇಲಾಗಿ ನಿಲ್ಲಿಸಿ. ಒಂದು ಕೈಯ ಹೆಬ್ಬೆರಳು ಸ್ಟಾಕಿನ ತುದಿಯ ಮೇಲೂ ತೋರುಬೆರಳು ನಳಿಗೆಯ ಮೇಲೂ ಇರಲಿ, ಎರಡೂ ಕೂಡುವ ಅಂಚನ್ನು ಬೆರಳ ತುದಿ ಮುಟ್ಟಿರಲಿ. ಇನ್ನೊಂದು ಕೈಯಿಂದ ಮುಂದಿನ ಆಕ್ಷನ್ ಸ್ಕ್ರೂವನ್ನು (ರಿಸೀವರನ್ನು ಸ್ಟಾಕಿಗೆ ಹಿಡಿದಿಡುವ ಸ್ಕ್ರೂ) ನಿಧಾನವಾಗಿ ಸಡಿಲಿಸಿ, ಮತ್ತೆ ಬಿಗಿಯಿರಿ. ಏನೂ ಅಲುಗದಿದ್ದರೆ ಒಳ್ಳೆಯದು. ನಳಿಗೆ ಸ್ಟಾಕಿನಿಂದ ದೂರ ಸರಿದು ಮತ್ತೆ ಹತ್ತಿರ ಬರುವುದು ಬೆರಳಿಗೆ ತಿಳಿದರೆ, ಸ್ಕ್ರೂ ಬಿಗಿದಾಗ ರಿಸೀವರ್ ಬಾಗುತ್ತಿದೆ. ಡಯಲ್ ಗೇಜ್ ಇಟ್ಟು ನೋಡುವವರು ಇಂಚಿನ ಸಾವಿರದ ಎರಡು ಮೂರು ಭಾಗಕ್ಕಿಂತ ಹೆಚ್ಚು ಚಲನೆ ಕಂಡರೆ ಬೆಡ್ಡಿಂಗ್ ಬೇಕೆನ್ನುತ್ತಾರೆ. ಬೆರಳೂ ಅಷ್ಟನ್ನು ಗುರುತಿಸಬಲ್ಲದು.

ಬೆಡ್ಡಿಂಗ್ ಎಂದರೆ ರಿಸೀವರ್ ಮತ್ತು ರಿಕಾಯಿಲ್ ಲಗ್ ಕೂರುವ ಜಾಗಕ್ಕೆ ಉಕ್ಕಿನ ಪುಡಿ ಬೆರೆತ ಎಪಾಕ್ಸಿ ಹಾಕಿ, ಲೋಹದ ಅಚ್ಚು ಪಡಿಯಚ್ಚಾಗಿ ಮೂಡುವಂತೆ ಮಾಡುವುದು. ರೆಮಿಂಗ್ಟನ್ 700ರಲ್ಲಿ ರಿಕಾಯಿಲ್ ಲಗ್ ನಳಿಗೆ ಮತ್ತು ರಿಸೀವರ್ ನಡುವೆ ಸಿಕ್ಕಿಸಿದ ಬಿಡಿ ತುಂಡು. ಒದೆತವನ್ನೆಲ್ಲ ಸ್ಟಾಕಿಗೆ ದಾಟಿಸುವುದು ಅದರ ಹಿಂಬದಿ. ಹಿಂಬದಿ ಎಪಾಕ್ಸಿಗೆ ಒತ್ತಿಕೊಂಡಿರಬೇಕು. ಮುಂಬದಿ, ಎರಡು ಪಕ್ಕ ಮತ್ತು ತಳಕ್ಕೆ ಎಪಾಕ್ಸಿ ಹಾಕುವ ಮೊದಲು ತೆಳು ಟೇಪ್ ಸುತ್ತಿ ಆಮೇಲೆ ತೆಗೆದರೆ ಅಲ್ಲಿ ಕೂದಲೆಳೆಯ ಅಂತರ ಉಳಿಯುತ್ತದೆ, ರೈಫಲನ್ನು ಬಿಚ್ಚಿ ಕೂಡಿಸುವುದು ಸುಲಭವಾಗುತ್ತದೆ. ಆದರೆ ನಿಮ್ಮ ಸ್ಟಾಕಿನ ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ಹಿಡಿದರೂ ಮುಂಭಾಗ ಬಾಗುವುದು ತಪ್ಪುವುದಿಲ್ಲ. ಅದರ ಮೇಲೆ ಶ್ರಮ ಹಾಕುವುದಕ್ಕಿಂತ ಸ್ಟಾಕನ್ನೇ ಬದಲಿಸುವುದು ಮೇಲು. ಬೆಲ್ ಅಂಡ್ ಕಾರ್ಲ್‌ಸನ್ ಮೆಡಲಿಸ್ಟ್, ಎಚ್‌-ಎಸ್ ಪ್ರಿಸಿಷನ್, ಮ್ಯಾಗ್‌ಪುಲ್ ಹಂಟರ್ 700, ಕೆಆರ್‌ಜಿ ಬ್ರಾವೊ ಇವೆಲ್ಲದರ ಒಳಗೂ ರಿಸೀವರ್ ಕೂರುವುದು ಅಲ್ಯೂಮಿನಿಯಂ ಮೇಲೆಯೇ. .308 ತೋಟೆಗೆ ಇರುವುದು ಗಿಡ್ಡ ಆಕ್ಷನ್ (ರಿಸೀವರ್ ಮತ್ತು ಬೋಲ್ಟ್ ಸೇರಿದ ಭಾಗ), ತರಿಸುವಾಗ ಅದನ್ನು ಹೇಳಲು ಮರೆಯಬೇಡಿ. ದಪ್ಪ ನಳಿಗೆಗೆ ಸ್ಟಾಕಿನ ಕಾಲುವೆ ಅಗಲವಾಗಿದೆಯೇ ಎಂಬುದನ್ನೂ ವಿಚಾರಿಸಿ. ಅಲ್ಯೂಮಿನಿಯಂ ಮೇಲೆ ಕೂರುವ ಆಕ್ಷನ್ ಸ್ಕ್ರೂಗಳನ್ನು ಸಾಮಾನ್ಯವಾಗಿ 65 ಇಂಚು-ಪೌಂಡಿಗೆ ಬಿಗಿಯುತ್ತಾರೆ. ಈಗಿರುವ ಪ್ಲಾಸ್ಟಿಕ್ಕಿನ ಮೇಲೆ ಅಷ್ಟು ಬಲ ಹಾಕಿದರೆ ಅದು ಅದುಮಿಕೊಳ್ಳುತ್ತದೆ, 40ರ ಸುತ್ತಮುತ್ತ ನಿಲ್ಲಿಸಿ.

ಇನ್ನು ಚಾಸಿ ಬೇಕೇ ಸ್ಟಾಕ್ ಬೇಕೇ ಎಂದರೆ, ನಿಖರತೆಯ ಮಟ್ಟಿಗೆ ಎರಡರ ನಡುವೆ ನಾನು ಭೇದ ಎಣಿಸುವುದಿಲ್ಲ. ಚಾಸಿಯಲ್ಲಿ ಕೆನ್ನೆ ಒರಗುವ ಎತ್ತರ, ಹಿಂಬದಿಯ ಉದ್ದ ಎಲ್ಲವನ್ನೂ ತಿರುಗಿಸಿ ಹೊಂದಿಸಿಕೊಳ್ಳಬಹುದು. ಸ್ಕೋಪ್ ಎತ್ತರದಲ್ಲಿರುವಾಗ ಕೆನ್ನೆ ಗಾಳಿಯಲ್ಲಿ ತೇಲುತ್ತಿದ್ದರೆ ಪ್ರತಿ ಈಡಿಗೂ ಕಣ್ಣಿನ ಸ್ಥಾನ ಬದಲಾಗುತ್ತದೆ, ಅದನ್ನು ಸರಿಪಡಿಸುವುದು ಚಾಸಿಯಿಂದ ಸಿಗುವ ನಿಜವಾದ ಲಾಭ. ಬೆಂಚಿನ ಮೇಲೆ ಹೊಡೆಯುವವರಿಗೆ ಅದರ ಭಾರವೂ ಒಳ್ಳೆಯದೇ. ಜಿಂಕೆ ಬೇಟೆಗೆ ಹೊತ್ತು ನಡೆಯುವುದಿದ್ದರೆ, ನಿಮ್ಮ ರೈಫಲಿನ ನಳಿಗೆಯೇ ಸಾಕಷ್ಟು ಭಾರವೆಂಬುದನ್ನು ನೆನಪಿಡಿ.

ಗೀರು ಕೊರೆದ ಬೋಲ್ಟ್ ನೋಡಲು ಚೆಂದ, ಕಾಗದದ ಮೇಲೆ ಅದರ ಗುರುತು ಏನೂ ಇರುವುದಿಲ್ಲ. ಬೋಲ್ಟನ್ನು ಬೀಗದಂತೆ ಹಿಡಿದಿಡುವ ಎರಡು ಲಗ್‌ಗಳೂ ರಿಸೀವರಿಗೆ ಸಮನಾಗಿ ತಾಗುವಂತೆ ಉಜ್ಜುವುದು, ರಿಸೀವರಿನ ಮುಖವನ್ನು ಲೇತಿನಲ್ಲಿ ಸಮ ಮಾಡುವುದು, ಇವುಗಳಿಂದ ಪ್ರಯೋಜನವುಂಟು. ಆದರೆ ನಳಿಗೆ ಬಿಚ್ಚಿದಾಗ ಮಾತ್ರ ಮಾಡಿಸಬೇಕಾದ ಕೆಲಸಗಳವು, ಅದಕ್ಕಾಗಿಯೇ ನಳಿಗೆ ಬಿಚ್ಚಿಸಬೇಡಿ. ಮಝಲ್ ಬ್ರೇಕ್ ಒದೆತವನ್ನು ತಗ್ಗಿಸುತ್ತದೆ. ಒದೆತಕ್ಕೆ ಹೆದರಿ ಕಣ್ಣು ಮುಚ್ಚುವ ಅಭ್ಯಾಸವಿದ್ದರೆ ಆ ಮೂಲಕ ಗ್ರೂಪೂ ಕಿರಿದಾದೀತು. ಹತ್ತು ಪೌಂಡ್ ದಾಟುವ .308ರ ಒದೆತಕ್ಕೆ ಅದು ಅನಿವಾರ್ಯವಲ್ಲ. ಸದ್ದು ಪಕ್ಕದ ಬೆಂಚಿನವರ ಕಿವಿಗೆ ನೇರವಾಗಿ ಬಡಿಯುತ್ತದೆ, ಅಲ್ಲದೆ ಬ್ರೇಕ್ ಹಾಕಲು ನಳಿಗೆಯ ಬಾಯಿಗೆ ತಿರುಪಿನ ಮರೆ ಕೊರೆಯಬೇಕು. ಆ ಕೆಲಸ ಒಂದಿಷ್ಟು ವಾರೆಯಾದರೂ ಗುಂಡು ಹೊರಡುವಾಗ ಹಿಂದಿನಿಂದ ಬರುವ ಅನಿಲ ಒಂದು ಬದಿಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಇದೇ ಕಾರಣಕ್ಕೆ ನಿಮ್ಮ ಈಗಿನ ನಳಿಗೆಯ ಬಾಯಿಯನ್ನೂ ಭೂತಗನ್ನಡಿ ಹಿಡಿದು ನೋಡಿ. ಒಳಸುರುಳಿ ಕೊನೆಗೊಳ್ಳುವ ಅಂಚಿನಲ್ಲಿ ಜಜ್ಜು, ಗೀರು ಕಂಡರೆ ಗನ್‌ಸ್ಮಿತ್ ಅದನ್ನು ಲೇತಿನಲ್ಲಿ ಹೊಸದಾಗಿ ಕಡೆದು ಕೊಡುತ್ತಾನೆ. ಹೊಸ ನಳಿಗೆಯ ಬೆಲೆಯ ಮುಂದೆ ಅದಕ್ಕೆ ತಗಲುವುದು ಏನೇನೂ ಅಲ್ಲ. ನಳಿಗೆಯೊಳಗೆ ತಾಮ್ರ ಕಟ್ಟಿಕೊಂಡಿದ್ದರೆ ತಾಮ್ರ ಕರಗಿಸುವ ದ್ರಾವಣದಿಂದ, ಸರಳನ್ನು ಬೋಲ್ಟಿನ ಕಡೆಯಿಂದಲೇ ತೂರಿಸಿ, ನೀಲಿ ಬಣ್ಣ ಬರುವುದು ನಿಲ್ಲುವವರೆಗೆ ತೊಳೆಯಿರಿ.

ಇಷ್ಟೆಲ್ಲ ಆದ ಮೇಲೂ ಮ್ಯಾಚ್ ತೋಟೆಯ ಹತ್ತು ಈಡಿನ ಗ್ರೂಪ್ ಒಂದೂವರೆ ಇಂಚಿಗಿಂತ ಕೆಳಗೆ ಬಾರದಿದ್ದರೆ ಆಗ ನಳಿಗೆಯ ಮಾತು. ಕ್ರೀಗರ್, ಬಾರ್ಟ್‌ಲೈನ್, ಶೈಲನ್, ಲಿಲ್ಯಾ ಮೊದಲಾದವರ ನಳಿಗೆಗಳಲ್ಲಿ ಒಳಗಾತ್ರ ಆದ್ಯಂತ ಒಂದೇ ಸಮನಾಗಿರುತ್ತದೆ, ಒಳಮೈ ಉಜ್ಜಿ ನಯಗೊಳಿಸಿದ್ದಿರುತ್ತದೆ. ಕೂರಿಸುವ ಕೂಲಿಯೂ ಸೇರಿದರೆ ಏಳುನೂರರಿಂದ ಸಾವಿರ ಡಾಲರ್ ಆಗಬಹುದು. ಸ್ಯಾವೇಜ್ ರೈಫಲ್‌ಗಳಲ್ಲಿರುವಂತೆ ನಟ್ ಬಿಗಿದು ಕೂರಿಸುವ ನಳಿಗೆಗಳು ರೆಮಿಂಗ್ಟನ್ 700ಕ್ಕೂ ಸಿಗುತ್ತವೆ, ಅಗ್ಗವೂ ಹೌದು. ಯಾವುದೇ ಆಗಲಿ, ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿನ ಮುಖದಿಂದ ಚೇಂಬರಿನಲ್ಲಿ ತೋಟೆಯ ಭುಜ ತಾಗುವ ಜಾಗದವರೆಗಿನ ದೂರ) ಅಳೆಯದೆ ಒಂದು ಈಡೂ ಹೊಡೆಯಕೂಡದು: .308ರ 1.630 ಇಂಚಿನ 'ಗೋ' ಗೇಜ್ ಮೇಲೆ ಬೋಲ್ಟ್ ಮುಚ್ಚಿಕೊಳ್ಳಬೇಕು, 1.634 ಇಂಚಿನ 'ನೋ-ಗೋ' ಗೇಜ್ ಮೇಲೆ ಮುಚ್ಚಿಕೊಳ್ಳಬಾರದು. ಇದರಲ್ಲಿ ತಪ್ಪಿದರೆ ತೋಟೆಯ ಹಿತ್ತಾಳೆ ಹರಿದು ಬಿಸಿ ಅನಿಲ ಮುಖದ ಕಡೆಗೆ ಬರುತ್ತದೆ. ಮೊದಲ ಸಲಕ್ಕೆ ಗನ್‌ಸ್ಮಿತ್‌ಗೆ ಒಪ್ಪಿಸುವುದೇ ಸರಿ. ನನ್ನ ಅಂದಾಜಿನಲ್ಲಿ ನಿಮಗೆ ಅದರ ಅಗತ್ಯ ಬೀಳುವುದಿಲ್ಲ. ರೆಮಿಂಗ್ಟನ್ನಿನ ಆ ದಪ್ಪ ನಳಿಗೆ ಸಾಮಾನ್ಯವಾಗಿ ಒಳ್ಳೆಯದೇ, .308 ನಳಿಗೆ ಐದು ಸಾವಿರ ಈಡಿನವರೆಗೆ ಸಲೀಸಾಗಿ ಬಾಳುತ್ತದೆ. ಟ್ರಿಗರ್, ಟಾರ್ಕ್ ರೆಂಚ್, ಸ್ಟಾಕ್ ಕಳೆದು ನಿಮ್ಮ 1,500 ಡಾಲರಿನಲ್ಲಿ ಉಳಿಯುವುದನ್ನು ಮ್ಯಾಚ್ ತೋಟೆಗೇ ಇಡಿ.

ತಮ್ಮನ ರೈಫಲಿಗೆ ಟ್ರಿಗರ್ ಕೊಂಡೊಯ್ಯುವ ವಿಚಾರ: ಖಂಡಿತ ಬೇಡ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಭಾಗಗಳೂ ಶಸ್ತ್ರದ ವ್ಯಾಖ್ಯೆಯೊಳಗೇ ಬರುತ್ತವೆ, ಅವನ್ನು ತರಲು ಪರವಾನಗಿ ಬೇಕು. ಅಮೆರಿಕದಿಂದ ಹೊರಕ್ಕೆ ಒಯ್ಯುವುದಕ್ಕೂ ಅಲ್ಲಿನ ರಫ್ತು ನಿಯಮಗಳಿವೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಬಿಡಿಭಾಗ ತರಿಸುವುದಕ್ಕೂ ಕೋವಿಯನ್ನು ಮಾರ್ಪಡಿಸುವುದಕ್ಕೂ ಅದನ್ನು ಹಿಗ್ಗಿಸಿಕೊಳ್ಳಬಾರದು. ದುರಸ್ತಿ ಏನಿದ್ದರೂ ಪರವಾನಗಿ ಇರುವ ಕೋವಿ ಅಂಗಡಿಯಲ್ಲೇ ಆಗಬೇಕು. ನಿಮ್ಮ ತಮ್ಮ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಿಗೆ ಹೋಗುವವರಾದರೆ .22ರಲ್ಲಿ ಟ್ರಿಗರಿಗಿಂತ ತೋಟೆಯ ಆಯ್ಕೆಯೇ ಹೆಚ್ಚು ಫಲ ಕೊಡುತ್ತದೆ. ಈ ಪುಟ್ಟ ತೋಟೆಗಳಲ್ಲಿ ಒಂದೇ ಕಂಪನಿಯ ಒಂದೇ ಹೆಸರಿನ ಸರಕೂ ಲಾಟಿನಿಂದ ಲಾಟಿಗೆ (ಒಂದೇ ಬಾರಿಗೆ ತಯಾರಾದ ಕಂತು) ಬೇರೆ ಬೇರೆಯಾಗಿ ವರ್ತಿಸುತ್ತದೆ. ಸಿಕ್ಕ ಎರಡು ಮೂರು ಬಗೆಯನ್ನು 50 ಮೀಟರಿನಲ್ಲಿ ಹತ್ತು ಹತ್ತು ಈಡು ಹೊಡೆದು ನೋಡಿ, ಚೆನ್ನಾಗಿ ಕೂಡಿದ ಪೆಟ್ಟಿಗೆಯ ಲಾಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅದೇ ಲಾಟಿನದನ್ನು ತನಗೆ ಅನುಮತಿಯಿರುವ ಮಿತಿಯೊಳಗೆ ಎಷ್ಟು ಸಿಗುತ್ತದೋ ಅಷ್ಟು ಒಟ್ಟಿಗೆ ಕೊಳ್ಳಲು ಹೇಳಿ.